ಇಪ್ಪತ್ತು ನಿಮಿಷ ಸುಮ್ಮನಿದ್ದವಳು

ಈಗ ಅವಳೇ ಪರೀಕ್ಷಕಿ. ಸಮಾಜಕಾರ್ಯ ವಿಭಾಗದ ಅದೇ ಮೂಲೆಯ ಕೋಣೆಯಲ್ಲಿ ಕುಳಿತು ಅಂಕ ಹಾಕುವಾಗ, ಇಪ್ಪತ್ತೆರಡು ವರ್ಷದ ಹಿಂದಿನ ಇಬ್ಬರು ಎದುರು ಬಂದು ಕೂತಂತೆ ಅನಿಸುತ್ತದೆ.

ಆಗ ಅವಳಿಗೆ ಪಟಪಟಿ ಎಂದೇ ಹೆಸರು. ಇಪ್ಪತ್ತು ನಿಮಿಷದ ಸಂದರ್ಶನದ ಪರೀಕ್ಷೆಯಲ್ಲಿ ಒಬ್ಬರು ಕಷ್ಟ ಹೇಳಿಕೊಂಡು ಬಂದವರಂತೆ ನಟಿಸಬೇಕು, ಇನ್ನೊಬ್ಬರು ಕೇಳಿಸಿಕೊಳ್ಳಬೇಕು. ಅವಳೋ, ಕೇಳಿಸಿಕೊಳ್ಳುವ ಮೊದಲೇ ಪರಿಹಾರ ಹೇಳಿ ಎರಡು ಸಲ ಫೇಲಾಗಿದ್ದಳು. ಮೂರನೆಯದೂ ಕೈಕೊಟ್ಟರೆ ವರ್ಷವೇ ಹೋದಂತೆ.

ಮೂರನೇ ಸಲ ಜೊತೆಗೆ ಸಿಕ್ಕವನು ಮೌನಿ. ಎರಡು ವರ್ಷ ಒಂದೇ ಆಸ್ಪತ್ರೆಯಲ್ಲಿ ತರಬೇತಿ ಪಡೆದಿದ್ದರೂ ಅವನು ಆಡಿದ ಮಾತು ಬೆರಳಲ್ಲಿ ಎಣಿಸುವಷ್ಟು. ವಾರ್ಡಿನಿಂದ ವಾರ್ಡಿಗೆ ನಡೆಯುವಾಗ ಅವಳು ಮಾತಾಡುತ್ತಿದ್ದಳು, ಅವನು ನಗುತ್ತಿದ್ದ.

"ಹೇಳಿ, ಏನ್ ವಿಷಯ?" ಎಂದಳು. ಪರೀಕ್ಷೆ ನಡೆಸುತ್ತಿದ್ದ ಮೇಡಂ ಗಡಿಯಾರ ನೋಡಿ ಪೆನ್ನು ತೆರೆದರು.

"ಒಬ್ಬಳಿಗೆ ಒಂದು ಮಾತು ಹೇಳ್ಬೇಕು," ಎಂದ ಅವನು. "ಎರಡು ವರ್ಷದಿಂದ ಆಗ್ತಾ ಇಲ್ಲ."

ನಟಿಸಲೆಂದು ಮೇಡಂ ಅವನಿಗೆ ಕೊಟ್ಟ ಚೀಟಿಯನ್ನು ಅವಳೂ ಇಣುಕಿ ನೋಡಿದ್ದಳು; ಅದರಲ್ಲಿದ್ದದ್ದು ಕೆಲಸ ಕಳೆದುಕೊಂಡ ಅಪ್ಪನೊಬ್ಬನ ಕಥೆ! ನಾಲಿಗೆಯ ತುದಿಗೆ ಬಂದದ್ದನ್ನು ಅವಳು ನುಂಗಿಕೊಂಡಳು. ಅವನು ಅವಳ ಬೆರಳುಗಳನ್ನೇ ನೋಡುತ್ತ, ತಡೆತಡೆದು ಹೇಳಿದ. ರೋಗಿಯೊಬ್ಬರು ತೀರಿಕೊಂಡ ದಿನ ಆ ಹುಡುಗಿ ಮೆಟ್ಟಿಲ ಕೆಳಗೆ ಒಬ್ಬಳೇ ಅತ್ತದ್ದು. ಆಚೆ ಬದಿಯಲ್ಲೇ ನಿಂತಿದ್ದರೂ ಹತ್ತಿರ ಹೋಗಲು ತನಗೆ ಧೈರ್ಯ ಬಾರದ್ದು.

ಅವಳ ಕೆನ್ನೆ ಬಿಸಿಯಾಯಿತು. "ಹೇಳಿದ್ರೆ ಏನಾಗುತ್ತೆ ಅಂತ ಭಯ ನಿಮಗೆ?"

"ಅವಳು ನಕ್ಕುಬಿಟ್ರೆ..."

ಅವಳು ನಗಲಿಲ್ಲ. ಅವನಿಗೆ ಮುಂದಿನ ಮಾತು ಸಿಗುವವರೆಗೂ ಕಾದಳು.

"ಕೇಳಿಸಿಕೊಳ್ಳೋದು ಅಂದ್ರೆ ಇದು ಕಣಮ್ಮಾ," ಎಂದರು ಮೇಡಂ ಕೊನೆಗೆ. "ಪಾಸ್!"

ಕಾರಿಡಾರಿಗೆ ಬಂದದ್ದೇ ತಡ, ಅವನ ಮೇಲೆ ಹರಿಹಾಯ್ದಳು. "ನನ್ನ ವರ್ಷ ಹೋಗ್ತಿತ್ತು! ಹೇಳೋಕೆ ಬೇರೆ ಜಾಗ ಸಿಗ್ಲಿಲ್ವಾ ನಿನಗೆ?"

"ಬೇರೆ ಎಲ್ಲಿ ನೀನು ಇಪ್ಪತ್ತು ನಿಮಿಷ ಸುಮ್ಮನಿರ್ತೀಯ?"

ನಗು ತಡೆಯಲು ತುಟಿ ಕಚ್ಚಿಕೊಂಡಳು. "ಒಳಗೆ ಕೇಳಿದ್ದನ್ನ ನಾವು ಹೊರಗೆ ಎತ್ತೋ ಹಾಗಿಲ್ಲಪ್ಪ, ಗೋಪ್ಯವಾಗಿ ಇಡ್ಬೇಕು. ಅದಕ್ಕೇ ಇನ್ನೊಂದ್ಸಲ ಹೇಳು. ನನಗೇ ಹೇಳು."

ಹೇಳಿದ. ಕಿವಿಯವರೆಗೆ ಕೆಂಪಾಗಿ, ಆದರೆ ಈ ಸಲ ಅವಳ ಕಣ್ಣು ನೋಡಿ.

ಆಮೇಲೆ ಮಾತು ಶುರು ಮಾಡಿದವಳು ಬಸ್ ಸ್ಟಾಪಿಗೆ ಬಂದರೂ ನಿಲ್ಲಿಸಲಿಲ್ಲ. ಬಸ್ಸುಗಳು ಬಂದವು, ಹೋದವು. ಇಬ್ಬರೂ ಹತ್ತಲಿಲ್ಲ.