ಗೇಟಿನ ಹೊರಗೆ ಬಿಟ್ಟ ರಿವಾಲ್ವರ್

ಫೆಬ್ರವರಿ 12, ಬುಧವಾರ, ಬೆಳಗ್ಗೆ 11.50. ಬೀದರ್ ನಗರದ ಠಾಣೆಗೆ ಬಂದ ಸೇನೆಯ ನಿವೃತ್ತ ಹವಾಲ್ದಾರ್ ಆಲ್ಬರ್ಟ, ಯಾರೂ ಕುರ್ಚಿ ತೋರಿಸುವ ಮೊದಲೇ ಕುಳಿತುಬಿಟ್ಟ. ಊರು ಭಾಲ್ಕಿ, ವಯಸ್ಸು ಐವತ್ತೆರಡು. ಆರು ಗುಂಡು ತುಂಬಿದ್ದ ಅವನ ಲೈಸೆನ್ಸಿನ ರಿವಾಲ್ವರ್ ಇದ್ದ ಚೀಲ ವಾಯುನೆಲೆಯ ಗೇಟಿನೆದುರಿನ ಅಂಗಡಿಯಿಂದ ಕಾಣೆಯಾಗಿತ್ತು.

"ಅಂಗಡಿಯಾಗ ಯಾಕ ಇಟ್ರಿ?" ಇನ್‌ಸ್ಪೆಕ್ಟರ್ ಮಲ್ಲೇಶ್ವರಿ ಕೇಳಿದಳು.

"ಒಳಗ ಬಿಡಂಗಿಲ್ರಿ. ಕ್ಯಾಂಟೀನ್ ಸಾಮಾನ ತರ್ಲಾಕ ಹೋಗಿದ್ದೆ."

"ಬಿಡಂಗಿಲ್ಲಂತ ಗೊತ್ತಿದ್ದೂ ತಂದ್ರಿ?"

"ಅದು ಯಾವತ್ತೂ ನನ್ನ ಜೋಡಿನೇ ಇರ್ತದ್ರಿ."

"ಠಾಣೆಯಾಗ ಜಮಾ ಮಾಡಿ, ರಸೀದಿ ತಗೊಂಡು ಹೋಗಬೇಕು. ಫೌಜಿನ್ಯಾಗ ಇದನ್ನ ಕಲಿಸ್ಲಿಲ್ಲೇನು?"

ತುಂಬಿದ ರಿವಾಲ್ವರನ್ನು ಬಾಗಿಲಲ್ಲಿ ಚಪ್ಪಲಿ ಬಿಟ್ಟಂತೆ ಬಿಟ್ಟು ಹೋದ ಈ ಮನುಷ್ಯನ ಮೇಲೆ ಮಲ್ಲೇಶ್ವರಿಗೆ ಕೆಟ್ಟ ಸಿಟ್ಟು ಬಂತು. ಸಿಟ್ಟು ಮಾಡಿಕೊಳ್ಳಲು ಹೊತ್ತಿರಲಿಲ್ಲ. ಸುದ್ದಿ ಹತ್ತು ನಿಮಿಷದಲ್ಲಿ ಎಸ್ಪಿ ಕಚೇರಿ ಮುಟ್ಟಿತ್ತು. 12.20ಕ್ಕೆ ಎಫ್‌ಐಆರ್ ದಾಖಲಾಯಿತು. ಊರಿನ ನಾಲ್ಕೂ ದಿಕ್ಕಿನ ರಸ್ತೆಗಳಲ್ಲಿ ತಪಾಸಣೆ ಶುರುವಾಯಿತು. ಆರು ಗುಂಡು ಯಾರ ಕೈಯಲ್ಲಿವೆ, ಯಾರಿಗಾಗಿ ಇವೆ ಎಂಬುದು ಯಾರಿಗೂ ತಿಳಿದಿರಲಿಲ್ಲ.

ಒಂದು ಗಂಟೆಗೆ ಅಂಗಡಿಯಲ್ಲಿ ಸ್ಥಳ ಪಂಚನಾಮೆ. ನೆಲೆಯೊಳಗೆ ಹೋಗುವವರ ಮೊಬೈಲು, ಚೀಲಗಳನ್ನು ಇಟ್ಟುಕೊಂಡು ತಗಡಿನ ಟೋಕನ್ ಕೊಡುವುದು ಅಂಗಡಿಯ ಮುದುಕ ಕರೀಮ ಸಾಬನ ಕಸುಬು. ಹದಿನೇಳನೇ ನಂಬರಿನ ಟೋಕನ್ ಆಲ್ಬರ್ಟನ ಜೇಬಿನಲ್ಲೇ ಇತ್ತು. ಹದಿನೇಳನೇ ಗೂಡು ಖಾಲಿ.

"ಛಾ ಕುಡೀಲಾಕ ಹೋಗಿದ್ದೆ ಮೇಡಂ. ಬಂದು ನೋಡಿದ್ರ ಚೀಲ ಇಲ್ಲ," ಎಂದ ಕರೀಮ ಸಾಬ.

ಕಾನ್‌ಸ್ಟೆಬಲ್ ಉತ್ತಮ ಪಕ್ಕದ ಮೆಡಿಕಲ್ ಅಂಗಡಿಯ ಸಿಸಿಟಿವಿ ನೋಡಿ ಬಂದ. 10.42ಕ್ಕೆ ಕರೀಮ ಸಾಬ ತಾನೇ ಎದ್ದು, ಬಿಳಿ ಸೀರೆಯ ಹೆಂಗಸೊಬ್ಬಳಿಗೆ ಚೀಲ ಕೊಟ್ಟಿದ್ದ. ಕುಡಿಯಲು ನೀರೂ ಕೊಟ್ಟಿದ್ದ.

ಮುದುಕ ಕೊನೆಗೆ ನಿಜ ಹೇಳಿದ. "ಗ್ರೇಸ ಸಿಸ್ಟರ್ ರೀ. ಆಲ್ಬರ್ಟ ಸಾಹೇಬ್ರ ಹೆಂಡ್ತೀನೇ. ನನ್ನ ಮಗಳು ಅಕ್ತರಬೀ ಹೆರಿಗಿಯಾಗ ಸಾಯ್ತಿದ್ಳು. ಬಗದಲ್ ದವಾಖಾನ್ಯಾಗ ದಿನಪೂರ್ತಿ ಬಾಜೂಕ ಕುಂತು ಉಳಿಸ್ಯಾರ. ಅವರಿಗಿ ಟೋಕನ್ ಹ್ಯಾಂಗ ಕೇಳ್ಲಿ? ಯಾರಿಗೂ ಹೇಳಬ್ಯಾಡಂದ್ರು, ಹೇಳ್ಲಿಲ್ಲ."

"ಒಳಗ ಏನಿತ್ತು ಗೊತ್ತಿತ್ತೇನು?"

"ಅಲ್ಲಾನ ಆಣಿ ಇಲ್ರಿ. ಸಾಹೇಬ್ರು ಊಟದ ಡಬ್ಬಿ ಅಂದಿದ್ರು."

ಠಾಣೆಯಲ್ಲಿ ದೃಶ್ಯ ತೋರಿಸಿದಾಗ ಆಲ್ಬರ್ಟನ ಬಲಗೈ ತಾನಾಗಿ ಸೊಂಟಕ್ಕೆ ಹೋಗಿ, ರಿವಾಲ್ವರಿನ ಖಾಲಿ ಚರ್ಮದ ಒರೆಯನ್ನು ತಡವಿತು.

"ಮನಿ ಮಾತು ಅದ. ಕೇಸ್ ಬಂದ್ ಮಾಡ್ರಿ. ಅಕಿನ್ನ ನಾ ನೋಡ್ಕೋತೀನಿ."

ಆ ಕೈಯನ್ನು ಮಲ್ಲೇಶ್ವರಿ ನೋಡಿದ್ದಳು. "ಇವರನ್ನ ಇಲ್ಲಿಂದ ಅಲುಗಲಾಕ ಬಿಡಬ್ಯಾಡ," ಎಂದು ಉತ್ತಮನಿಗೆ ಹೇಳಿ, ಮಹಿಳಾ ಪೇದೆಯೊಬ್ಬಳನ್ನು ಕರೆದುಕೊಂಡು ಔರಾದ್ ಕಡೆ ಹೊರಟಳು. ಗ್ರೇಸ ಆ ತಾಲೂಕಿನ ಹಳ್ಳಿಯೊಂದರಲ್ಲಿ ಸರಕಾರಿ ನರ್ಸು.

ಮಧ್ಯಾಹ್ನ 3.35. ಆರೋಗ್ಯ ಉಪಕೇಂದ್ರದಲ್ಲಿ ಗ್ರೇಸ ಕೂಸೊಂದಕ್ಕೆ ಲಸಿಕೆ ಹಾಕುತ್ತಿದ್ದಳು. ಜೀಪು ಕಂಡರೂ ಗಾಬರಿಯಾಗಲಿಲ್ಲ.

"ಇದೊಂದು ಕೂಸಿಂದು ಮುಗಿಸ್ತೀನ್ರಿ."

ಮುಗಿಸಿ, ಕೈ ತೊಳೆದು, ಔಷಧಿಯ ಕಪಾಟಿನ ಬೀಗ ತೆಗೆದಳು. ರಿವಾಲ್ವರ್ ಬ್ಯಾಂಡೇಜ್ ಬಟ್ಟೆಯಲ್ಲಿ ಸುತ್ತಿಟ್ಟಿತ್ತು. ಗುಂಡುಗಳು ಬೇರೆ ಬಾಟಲಿಯಲ್ಲಿದ್ದವು. ಆಶಾ ಕಾರ್ಯಕರ್ತೆ ಮತ್ತು ಕೂಸಿನ ಅಜ್ಜ, ಕುರಿ ಸಾಕುವ ಧೊಂಡಿಬಾ ಪಂಚರಾಗಿ ಸಹಿ ಹಾಕಿದರು. ಜಪ್ತಿ 4.10ಕ್ಕೆ.

"ಬಾವಿಗಿ ಯಾಕ ಒಗೀಲಿಲ್ಲ?"

"ಬ್ಯಾಸಿಗಿಗಿ ಬಾವಿ ಬತ್ತತಾವ್ರಿ. ಹುಡುಗರ ಕೈಗಿ ಸಿಕ್ರ?"

"ತಗೊಂಡಿದ್ದು ಯಾಕ?"

ಗ್ರೇಸ ಕಪಾಟಿಗೆ ಮತ್ತೆ ಬೀಗ ಹಾಕಿದಳು. "ಊಟಕ್ಕ ಕುಂತಾಗ ತಾಟಿನ ಬಾಜೂಕ ಇಡ್ತಾರ್ರಿ. ರೊಟ್ಟಿ ತಡ ಆದ್ರ ನನ್ನ ಕಿವಿಗಿ ಹಚ್ತಾರ. ಹಿರ್ಯಾರ ಮುಂದ ಹೇಳ್ದೆ. ಫೌಜಿ ಮನಷ್ಯಾ, ಸಿಟ್ಟು ಇರ್ತದ, ಸಂಭಾಳಿಸ್ಕೊ ಅಂದ್ರು. ಹೋದ ವಾರ ಮಗಳು ನಿಸ್ಸಿ ನಡುವ ಬಂದಳು. ಅಕಿ ಹಣಿಗೂ ಹಚ್ಚಿದ್ರು."

"ಮನ್ಯಾಗೇ ತಗೀಬಹುದಿತ್ತಲ್ಲ?"

"ಮಲಗಿದ್ರೂ ತಲಿದಿಂಬಿನ ಕೆಳಗ ಇರ್ತದ್ರಿ. ಗುಡಿ, ಚರ್ಚು, ಮದುವಿ ಮನಿ, ಎಲ್ಲೂ ಅದನ್ನ ಬಿಟ್ಟು ಹೋಗಂಗಿಲ್ಲ. ತಿಂಗಳಿಗೊಂದು ಸಲ ಆ ಗೇಟಿನ ಮುಂದ ಅಷ್ಟೇ ಅವರ ಕೈ ಬಿಡ್ತದ."

ಮಲ್ಲೇಶ್ವರಿಗೆ ಇವಳನ್ನು ಹಿಡಿಯುವ ಮನಸ್ಸೇ ಇರಲಿಲ್ಲ. ಆದರೆ ಲೈಸೆನ್ಸಿಲ್ಲದೆ ಆಯುಧ ಇಟ್ಟುಕೊಂಡು ಸಿಕ್ಕವಳು ಇವಳು. 4.40ಕ್ಕೆ ಬಂಧನ ಪತ್ರ ಬರೆದಳು. ಗಂಡ ಬೆದರಿಸಿದ ಬಗ್ಗೆ ಅವಳ ದೂರನ್ನೂ ಅಲ್ಲೇ ಬರೆಸಿಕೊಂಡಳು.

ಜೀಪಿನಲ್ಲಿ ಗ್ರೇಸ ಕೇಳಿದಳು: "ಅದನ್ನ ಅವರಿಗಿ ತಿರುಗಿ ಕೊಡ್ತಾರೇನ್ರಿ?"

"ಲೈಸೆನ್ಸ್ ರದ್ದು ಮಾಡ್ಲಾಕ ಡಿಸಿ ಸಾಹೇಬ್ರಿಗಿ ಬರೀತೀನಿ. ಹುಕುಂ ನನ್ನ ಕೈಯಾಗಿಲ್ಲ. ಕೇಸ್ ನಡಿಯೋತನಕ ಕೊಡಬ್ಯಾಡ್ರಿ ಅಂತ ಕೋರ್ಟಿಗೂ ಕೇಳ್ತೀನಿ."

"ನಾ ತಪ್ಪು ಒಪ್ಪಿಕೊಂಡ್ರ?"

"ಜಲ್ದಿ ಮುಗೀತದ. ಜಡ್ಜ್ ಸಾಹೇಬ್ರು ಕನಿಕರ ತೋರಸಬಹುದು."

"ಒಪ್ಪದಿದ್ರ?"

"ಐದಾರು ವರ್ಷ ಎಳೀತದ. ನೌಕರಿಗೂ ಅಡ್ಡ ಬೀಳ್ತದ. ವಿಚಾರ ಮಾಡ್ರಿ ಸಿಸ್ಟರ್."

ಗ್ರೇಸ ಹೊರಗಿನ ತೊಗರಿ ಹೊಲಗಳನ್ನು ನೋಡುತ್ತ ಕುಳಿತಳು. ಕೇಸ್ ನಡೆಯುವತನಕ ರಿವಾಲ್ವರ್ ಕೋರ್ಟಿನಲ್ಲೇ ಉಳಿದರೆ, ಐದಾರು ವರ್ಷದಲ್ಲಿ ನಿಸ್ಸಿಯ ಓದು ಮುಗಿದು, ಅವಳು ಆ ಮನೆ ಬಿಟ್ಟು ಹೊರಟಿರುತ್ತಾಳೆ.

"ಬರಕೋರಿ ಮೇಡಂ," ಎಂದಳು. "ನಾ ಕದ್ದೇ ಇಲ್ಲ."