ಎರಡನೇ ಸಾಲು

"ಬಾಯಿ ಮುಚ್ಚೋ! ಅಂಥ ಹಾಡು ನಮ್ಮ ಶಾಲೇಲಿ ಇರಲೇ ಇಲ್ಲ!" ಬನಿಯನ್ನಿನಲ್ಲಿ ನಿಂತಿದ್ದ ಅಣ್ಣ ಕೂಗಿದ. ನಮ್ಮ ಇಸ್ತ್ರಿ ಅಂಗಡಿಯಲ್ಲಿ ಅವನ ಅಂಗಿಯನ್ನೇ ನಾನು ಇಸ್ತ್ರಿ ಮಾಡುತ್ತಿದ್ದೆ.

"ಇಲ್ದಿದ್ರೆ ನಿನಗ್ಯಾಕಣ್ಣ ಬೆವರು?"

ಆ ಹಾಡಿನ ಮೊದಲ ಸಾಲು ತಲೆ ತಿನ್ನುತ್ತಿತ್ತು. ಎರಡನೆಯದು ನೆನಪಾಗದೆ ನಿದ್ದೆಗೆಟ್ಟಿದ್ದೆ. ಹಟಕ್ಕೆ ಬಿದ್ದು ಮೊದಲ ಸಾಲನ್ನೇ ಗಟ್ಟಿಯಾಗಿ ಹಾಡಿದೆ.

ಶಾಲೆಯಲ್ಲಿ ಒಬ್ಬರು ಹೇಳಿಕೊಟ್ಟರೆ ಉಳಿದವರು ತಿರುಗಿ ಹೇಳಬೇಕಿತ್ತು. ಅಂಗಡಿಯ ಹಿಂದಿನ ಗೋಡೆಯಾಚೆಯಿಂದ ಮಕ್ಕಳು ತಿರುಗಿ ಹೇಳಿದರು. ಅಲ್ಲಿರುವುದು ಬರೀ ಮಣ್ಣಿನ ದಿಬ್ಬ. ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ ನನ್ನ ಕೈಯಲ್ಲೇ ತಣ್ಣಗಾಯಿತು. ಆಮೇಲೆ ಅವರು ಎರಡನೇ ಸಾಲನ್ನೂ ಹಾಡಿದರು. ಅದರಲ್ಲಿ ಅಣ್ಣನ ಹೆಸರಿತ್ತು.

"ಬೇಡ ಅಂದ್ರೆ ಕೇಳಿದ್ಯೇನೋ?" ಎಂದು ಅಣ್ಣ ಬನಿಯನ್ನಿನಲ್ಲೇ ಹೊರಗೆ ಹೋದ. ತಿರುಗಿ ಬರಲಿಲ್ಲ.

ಅರ್ಧ ಇಸ್ತ್ರಿಯಾದ ಅಂಗಿ ಅಂಗಡಿಯಲ್ಲೇ ಇದೆ. ಮೂರನೇ ಸಾಲು ಇವತ್ತು ಬೆಳಗ್ಗೆಯಿಂದ ನನ್ನ ನಾಲಗೆಯ ತುದಿಯಲ್ಲಿದೆ.