ಭಟ್ಟಿ ಬಾಯಿಯ ಹಳದಿ

"ನಾನು ಕೇಳಿದ್ದು ಹಳದಿ. ನೀವು ಕೊಟ್ಟದ್ದು ಎಂತ?"

ಬೈಕುಲ್ಲಾದ ಬಣ್ಣದ ಪುಡಿಯ ಕಾರ್ಖಾನೆಯಲ್ಲಿ ದಾನೇಶ್ವರಿ ತಲೆಯೆತ್ತಿದಳು. ಕೆಮಿಸ್ಟ್ರಿ ಓದಿದ ಹುಡುಗಿ, ಅಲ್ಲಿ ಬಣ್ಣ ಪರೀಕ್ಷಿಸುವ ಕೆಲಸ ಅವಳದು. ಎದುರಿಗೆ ನಿಂತವನು ಗಾರೆಯ ತುಂಡೊಂದನ್ನು ಮೇಜಿನ ಮೇಲೆ ಕುಕ್ಕಿದ. ತುಂಡು ಇಟ್ಟಿಗೆಯಷ್ಟು ಕೆಂಪಗಿತ್ತು. ಅವನ ಮುಖವೂ ಹೆಚ್ಚುಕಡಿಮೆ ಹಾಗೇ ಇತ್ತು.

ಹೆಸರು ಹಿತೇಶ್. ದಾದರ್‌ನಲ್ಲಿ ಅವನ ಮನೆಯವರ ಉಡುಪಿ ಹೋಟೆಲಿದೆ. ದೋಸೆ ಭಟ್ಟಿಗೆ ಸುಣ್ಣದಲ್ಲಿ ಹಳದಿ ಪುಡಿ ಕಲಸಿ ಬಳಿಸಿದ್ದ. ವಾರದೊಳಗೆ ಅದು ಕೆಂಪಾಗಿತ್ತು.

"ಎಲ್ಲಾ ಕಡೆ ಕೆಂಪಾಗೇದೋ, ಭಟ್ಟಿ ಬಾಯಿ ಹತ್ರ ಅಷ್ಟ ಏನ್ರೀ?"

"ಬಾಯಿ ಹತ್ರ ಮಾತ್ರ... ಅದಕ್ಕೆ?"

ಅವಳು ಕಬ್ಬಿಣದ ಸೌಟಿನಲ್ಲಿ ಚಿಟಿಕೆ ಹಳದಿ ಪುಡಿ, ಅಂದರೆ ಕಬ್ಬಿಣದ ಆಕ್ಸೈಡ್, ಹಾಕಿ ಗ್ಯಾಸ್ ಮೇಲೆ ಹಿಡಿದಳು. ನೋಡನೋಡುತ್ತ ಪುಡಿ ಕಂದಾಯಿತು. ಆರಿದ ಮೇಲೆ ನೋಡಿದರೆ ಕೆಂಪು.

"ಕಾಯ್ದ್ರ ಒಳಗಿನ ನೀರು ಹೋಗ್ತದ್ರಿ. ಹರಳಿನ ಜೋಡಣೆನ ಬದಲಾಗ್ತದ. ಕಬ್ಬಿಣ ಅದ ಕಬ್ಬಿಣ, ರೂಪ ಬ್ಯಾರೆ. ಭಟ್ಟಿಗೆ ಮೊದಲ ಕೆಂಪು ಬಳೀಬೇಕಿತ್ತು ನೀವು."

"ತಣ್ಣಗಾದ್ರೆ ಪುನಃ ಹಳದಿ ಆಗ್ತದಾ?"

"ಇಲ್ರಿ. ಒಮ್ಮೆ ಆದ್ರ ಆತು."

ಅವನು ಸೌಟನ್ನು ನೋಡಿದ, ಅವಳನ್ನು ನೋಡಿದ, ಹೊರಟುಹೋದ. ತಪ್ಪಾಯಿತು ಅನ್ನಲು ಬಾಯಿ ಬರಲಿಲ್ಲ ಮಹಾರಾಯನಿಗೆ.

ಮುಂದಿನ ಶನಿವಾರ ಮತ್ತೆ ಬಂದ.

"ಹಳದಿ ಒಂದು ಕಿಲೋ."

"ಮತ್ತ ಕೆಂಪಾಗ್ತದಲ್ರಿ."

"ಆಗ್ಲಿ."

ಆಮೇಲೆ ಪ್ರತಿ ಶನಿವಾರ. ಬಂದವನು ಕೂರುತ್ತಿದ್ದ, ಚಹಾ ಕುಡಿಯುತ್ತಿದ್ದ, ಬೊರಿವಲಿ ಲೋಕಲಿನಲ್ಲಿ ಅವಳಿಗೆ ಸೀಟು ಸಿಕ್ಕಿತೇ ಎಂದು ವಿಚಾರಿಸುತ್ತಿದ್ದ. ಶುಕ್ರವಾರ ಸಂಜೆಯೇ ದಾನೇಶ್ವರಿ ಮರುದಿನದ ಕುರ್ತಾಕ್ಕೆ ಇಸ್ತ್ರಿ ಹಾಕತೊಡಗಿದಳು. ಅವಳಿಗೆ ಪ್ರೀತಿಯಾಗಿತ್ತು. ಅದು ತನಗೇ ಗೊತ್ತಿಲ್ಲವೆಂದು ನಟಿಸುವಷ್ಟು ಚಿಕ್ಕವಳೇನೂ ಅಲ್ಲ ಅವಳು.

ಆದರೆ ಒಳಗೊಂದು ಮುಳ್ಳಿತ್ತು... 'ನನ್ನ ಮಾತಿನ ಮ್ಯಾಲೆ ಇವರಿಗೆ ನಂಬಿಕಿ ಇಲ್ಲ. ಅದಕ್ಕ ವಾರಾವಾರ ಬಳಿದು ನೋಡ್ತಾರ.'

ಮಾಲೀಕ ಶರಣಬಸಪ್ಪನವರೂ ಅದನ್ನೇ ಹೇಳಿದರು.

"ಆ ಹೋಟೆಲಿನವ ನಿನ್ನ ಮಾಲ್ ಪರೀಕ್ಷೆ ಮಾಡಾಕತ್ತಾನ. ಮಾರ್ಕೆಟ್‌ನ್ಯಾಗ ಮಾತು ಹಬ್ಬಿದ್ರ ನಮ್ಮ ಹೆಸರು ಕೆಡ್ತದವ್ವಾ. ಹೋಗಿ ಬಗಿಹರಿಸಿ ಬಾ. ಇಲ್ಲಾಂದ್ರ ಈ ಕೆಲಸ ಬ್ಯಾರೆಯವ್ರಿಗೆ ಕೊಡ್ತೀನಿ."

ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ಮನಸ್ಸು ಕೊಟ್ಟವನೇ ತನ್ನನ್ನು ಸುಳ್ಳುಗಾರ್ತಿ ಅಂದುಕೊಂಡರೆ... ಅಳು ಬಂತು. ಅತ್ತು ಮುಗಿಸಿ, ಮುಖ ತೊಳೆದು ದಾದರ್‌ಗೆ ಹೋದಳು. ದಿನಾ ಗಾಡಿ ಬದಲಿಸುವ ಸ್ಟೇಷನ್. ಹೊರಗೆ ಕಾಲಿಟ್ಟದ್ದು ಅಪರೂಪ.

ಊಟದ ಗದ್ದಲ ಇಳಿದಿತ್ತು. ದೋಸೆ ಹುಯ್ಯುವ ಮರೆಪ್ಪ ಒಬ್ಬನೇ ಭಟ್ಟಿಯ ಬಳಿ ಇದ್ದ. ಅವಳು ತಾನು ಯಾರೆಂದು ಹೇಳಿ ಕೇಳಿದಳು. "ಅಣ್ಣಾ, ನಮ್ಮ ಬಣ್ಣ ಅಷ್ಟು ಕೆಟ್ಟದೇನು?"

"ಬಣ್ಣಕ್ಕೇನಾಗೇದವ್ವಾ? ಕೆಂಪಗ ಗಟ್ಟಿ ಕುಂತಿರ್ತದ. ನಮ್ಮ ಸಣ್ಣ ಸಾಹುಕಾರ ಶುಕ್ರವಾರ ಬಂತಂದ್ರ ತಾನ ಕುಂತು ಕೆರೆದು ತೆಗೀತಾನ. ಯಾಕಂದ್ರ, ನಾಳೆ ಬೈಕುಲ್ಲಾಕ್ಕ ಹೋಗಬೇಕು ಅಂತಾನ. ತಲಿ ಕೆಟ್ಟದ ಅನಸ್ತದ."

ಹಿಂದೆ ಯಾರೋ ಕೆಮ್ಮಿದರು. ಹಿತೇಶ್ ತೆಂಗಿನಕಾಯಿ ಚೀಲ ಹೊತ್ತು ನಿಂತಿದ್ದ.

"ನನ್ನ ಮಾತು ನಂಬಿಲ್ಲೇನ್ರಿ ನೀವು?"

"ಅವತ್ತೇ ನಂಬಿದೆ. ನೀವು ಸೌಟು ಕೆಳಗಿಡುವ ಮೊದಲೇ."

"ಮತ್ತ ಯಾಕ..."

"ಕೆಂಪು ಬಳಿದ್ರೆ ವರ್ಷಗಟ್ಟಲೆ ಇರ್ತದಲ್ವಾ. ಆಮೇಲೆ ಎಂತ ಹೇಳಿ ನಾನು ನಿಮ್ಮಲ್ಲಿಗೆ ಬರುದು?"

"ಬಾಯಿಬಿಟ್ಟು ಹೇಳಬೇಕಿತ್ತು," ಎಂದಳು. "ನನ್ನ ಕೆಲಸಾನ ಹೋಗೂದಿತ್ತು."

ಅವನ ಮುಖ ಬಿಳಿಚಿಕೊಂಡಿತು. ಚೀಲ ಇಳಿಸಿದವನೇ ಶರಣಬಸಪ್ಪನವರಿಗೆ ಫೋನ್ ಹಚ್ಚಿದ. ಮಾಲು ಚೊಕ್ಕ, ತಪ್ಪು ತನ್ನದು ಎಂದ. ಅವರು ಕಾರಣ ಕೇಳಿರಬೇಕು.

"ಕಾರಣ... ನನಗೆ ದಾನೇಶ್ವರಿಯವರೆಂದ್ರೆ ಪ್ರೀತಿ, ಸಾರ್. ಅದಕ್ಕೇ ಬರ್ತಿದ್ದದ್ದು."

ಹೇಳಬೇಕಾದವಳಿಗೆ ಹೇಳದೆ ಅವಳ ಮಾಲೀಕರಿಗೆ ಹೇಳಿದ ಭೂಪ! ಮರೆಪ್ಪ ಒರೆಸಿದ ಕಾವಲಿಯನ್ನೇ ಮತ್ತೆ ಒರೆಸುತ್ತಿದ್ದ. ದಾನೇಶ್ವರಿ ಬ್ಯಾಗು ಹೆಗಲಿಗೇರಿಸಿ ಸ್ಟೇಷನ್ನಿಗೆ ನಡೆದಳು.

ಶನಿವಾರ ಹಿತೇಶ್ ಅಳುಕುತ್ತಲೇ ಬಂದ.

"ಇನ್ನು ನಾಟಕ ಬೇಡ. ಕೆಂಪು ಕೊಡಿ."

ಅವಳು ಪೊಟ್ಟಣ ಕಟ್ಟಿ ಮುಂದಿಟ್ಟಳು. ಅವನು ಬಿಚ್ಚಿ ನೋಡಿದ.

"ಇದು ಹಳದಿ ಅಲ್ವಾ?"

"ಹೂಂ ರೀ," ಎಂದಳು ದಾನೇಶ್ವರಿ. "ಬರೂ ಶನಿವಾರ ಬರ್ರಿ."